ಪುಟ ಮೂವತ್ತೊಂದು

ಒರೆಸ್ಟ್ ಹ್ನಾಟ್ಯುಕ್ ನಿಕ್ಕಲ್ ಕಂಪನಿಯಲ್ಲಿ ಸಂಬಳದ ಗುಮಾಸ್ತ.
ಎಲ್ಲರೂ ಮನೆಗೆ ಹೋದ ಮೇಲೆ, ಕಾವಲಿನವನಿಗೆ ಎರಡು ಸಿಗರೇಟು ಕೊಟ್ಟು,
ಲೋಕ ಮುಗಿದದ್ದನ್ನು ಕಂಪನಿಯ ಯಂತ್ರದಲ್ಲೇ
ಜೆರಾಕ್ಸ್ ಮಾಡಿದ. ನಲವತ್ತು ಪ್ರತಿ.
ಮೂವತ್ತು ಪುಟ, ಎರಡು ಪಿನ್ನು,
ಮುಖಪುಟಕ್ಕೆ ಅವನೇ ಬರೆದ ಡ್ರ್ಯಾಗನ್ನು,
ಕುತ್ತಿಗೆ ಮಾತ್ರ ಬಾತುಕೋಳಿಯದು.

ಅಂಗಡಿಯಲ್ಲಿ ಸಿಗುವ ಆಟದ ಪುಸ್ತಕದಲ್ಲಿ
ಕೋಟೆಗಳು ನೆಟ್ಟಗೆ ನಿಂತಿದ್ದವು, ರಾಜರಿಗೆ ಕಿರೀಟ,
ದಾರಿಹೋಕರಿಗೆ ಬಿಸಿ ಸಾರು.
ಒರೆಸ್ಟನ ಪುಸ್ತಿಕೆ ಶುರುವಾಗುವುದು
ಅದೆಲ್ಲ ಕಳೆದು ಮುನ್ನೂರು ವರ್ಷಕ್ಕೆ:
ಕೊನೆಯ ಡ್ರ್ಯಾಗನ್ ಕೆಮ್ಮಿ ಸತ್ತಿದೆ,
ಕೆಮ್ಮು ಇನ್ನೂ ಗಾಳಿಯಲ್ಲಿದೆ.
ಯಕ್ಷರೂ ಬಾಯಿಗೆ ಬಟ್ಟೆ ಕಟ್ಟಿ ತಿರುಗುತ್ತಾರೆ.
ಖಡ್ಗಕ್ಕಿಂತ ಬೂಟಿಗೆ ಬೆಲೆ.

ನಮಗೆ ನಗು. ನಕ್ಷೆ ನೋಡಿದರೆ ಸಾಕು, ಸಡ್ಬರಿ.
ನಾವು ಹುಟ್ಟಿ ಬೆಳೆದ ಕರಿ ಬಂಡೆ, ಬೋಳು ಗುಡ್ಡ,
ಎಲ್ಲದರ ಮೇಲೆ ಆ ಒಂದು ಚಿಮಣಿ.
ಅದಕ್ಕೆ ಮೂಳೆಗೋಪುರ ಎಂದು ಹೆಸರಿಟ್ಟಿದ್ದ, ಅಷ್ಟೇ.
ರೇಜಾನನ ಅಪ್ಪನ ಗ್ಯಾರೇಜೂ ಇತ್ತು,
ಕುಳ್ಳರ ಸಮಾಧಿ, ಪುಟ ಹನ್ನೆರಡು.
ಅಪ್ಪನಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ಓದಿ
"ಬಾಗಿಲು ಇರುವುದು ಎಡಕ್ಕೆ" ಅಂದರು.

ಪುಟ ಹದಿನೆಂಟರಲ್ಲಿ ಕೋಷ್ಟಕ.
ಪಾಳು ಮನೆ ಹೊಕ್ಕವರು ಇಪ್ಪತ್ತು ಮುಖದ ದಾಳ ಉರುಳಿಸಬೇಕು,
ಗರ ಬಿದ್ದಂತೆ ದಕ್ಕುವುದು:
ನಾಲ್ಕಕ್ಕೆ ಒಂಟಿ ಕೈಗವಸು,
ಏಳಕ್ಕೆ ತುಕ್ಕು ನೀರು, ಕಾಯಿಸಿ ಕುಡಿ,
ಹನ್ನೊಂದಕ್ಕೆ ಯಾರದೋ ಊಟದ ಡಬ್ಬಿ, ಹೆಸರು ಕೆತ್ತಿದ್ದು,
ಪುಣ್ಯವಿದ್ದು ಇಪ್ಪತ್ತು ಬಿದ್ದರೆ
ಏನೂ ಇಲ್ಲ. ಆದರೆ ನೆಲ ಗುಡಿಸಿದೆ.

ಇದೊಂದನ್ನು ನಾನು ನಲವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ.

ಆ ಬೇಸಿಗೆ ಟೂಲಿಕ್ಕಿ ಬಂದಳು, ಫಿನ್ನರ ಹುಡುಗಿ.
ನಗರಸಭೆ ಕೂಲಿಗೆ ಹುಡುಗರನ್ನು ಹಿಡಿದಿತ್ತು,
ಬಂಡೆಗೆ ಸುಣ್ಣ ಎರಚುವ ಕೆಲಸ:
ಚೀಲ ಹೊತ್ತು ಹತ್ತು, ಕೈಯಾರೆ ಹರಡು, ಇಳಿ,
ಮತ್ತೆ ಹೊತ್ತು ಹತ್ತು.
ಕೈಗೆರೆಯಲ್ಲೆಲ್ಲ ಬಿಳಿ ಕೂತು
ಅವಳು ಮುಟ್ಟಿದ ದಾಳವೆಲ್ಲ ಹಿಟ್ಟು ಹಿಟ್ಟು.
ಮೂರನೆಯ ಶುಕ್ರವಾರ, ಮೂಳೆಗೋಪುರದ ಬುಡದಲ್ಲಿ,
ನಾನು ಬಿಲ್ಲು ಹೂಡಿ, ರೇಜಾನ್ ಕೊಡಲಿ ಎತ್ತಿ
ಹೆಣಗಳ ದಂಡಿಗೆ ಕಾಯುತ್ತಿದ್ದರೆ
ಅವಳ ಮಾಟಗಾತಿ ಮೊಣಕಾಲೂರಿ ಕೂತಳು.
"ನೆಡುತ್ತೇನೆ."
ಏನನ್ನು?
"ಇದ್ದದ್ದನ್ನು. ಯಾವ ದಾಳ?"

ಒರೆಸ್ಟ್ ಪುಟ ತಿರುವಿದ.
ಉಸಿರು ಕಟ್ಟುವುದಕ್ಕೆ ನಿಯಮವಿತ್ತು, ಹಸಿವಿಗಿತ್ತು,
ಮೂಳೆ ಮುರಿದರೆ ಎಷ್ಟು ದಿನ,
ಸಾಕಿದ ಕುದುರೆ ತಿಂದರೆ ಎಷ್ಟು ಪಾಪ,
ನೆಡುವುದಕ್ಕಿರಲಿಲ್ಲ.
"ಇಲ್ಲಿ ಏನೂ ಬೆಳೆಯುವುದಿಲ್ಲ. ಆಟವೇ ಅದು" ಅಂದ.
ಅವಳು ವಾದಕ್ಕಿಳಿಯಲಿಲ್ಲ. ನಕ್ಷೆಯ ಮೇಲೆ ಕೈಯೂರಿ ಎದ್ದು
ಬಿಯರು ತರಲು ಹೋದಳು.
ಗೋಪುರದ ಬಡಗಣಕ್ಕೆ ಐದು ಬೆರಳಿನ ಬಿಳುಪು.
ಒರೆಸಲು ಹೋದ ಒರೆಸ್ಟ್,
ಒರೆಸಲಿಲ್ಲ.

ಸೋಮವಾರ ಪುಟ ಮೂವತ್ತೊಂದು ಬಂತು.
ಟೈಪು ಮಾಡಿದ್ದಲ್ಲ, ಕೈಬರಹ, ಓರೆಯಾಗಿ ಅಚ್ಚಾದದ್ದು:
*ನೆಟ್ಟವರು ವಾರಕ್ಕೊಮ್ಮೆ ಉರುಳಿಸಿ. ಇಪ್ಪತ್ತಕ್ಕೆ ಒಂದು ಎಸಳು.
ಬೀಳದಿದ್ದರೆ ಮುಂದಿನ ವಾರ.
ನೆಟ್ಟವರು ಸತ್ತರೆ ಯಾರಾದರೂ ಉರುಳಿಸಬಹುದು.
ಮಂತ್ರ ನಡೆಯುವುದಿಲ್ಲ.*

ಅಷ್ಟರಲ್ಲಿ ಮೂವತ್ತಾರು ಪ್ರತಿ ಅಂಚೆಗೆ ಬಿದ್ದಾಗಿತ್ತು,
ವಿನ್ನಿಪೆಗ್ಗಿಗೆ, ಬಫಲೋಗೆ, ಯಾವುದೋ ಹಡಗಿನ ಅಡುಗೆಯವನಿಗೆ.
ಆ ಮೂವತ್ತಾರು ಲೋಕಗಳಲ್ಲಿ
ಇವತ್ತಿಗೂ ಏನೂ ಬೆಳೆಯುವುದಿಲ್ಲ.

ನನ್ನ ಪ್ರತಿಯ ಅಂಚಿಗೆ ನೂರಾ ಹದಿನಾರು ಗೀಟು,
ನಾಲ್ಕಕ್ಕೆ ಸುತ್ತು ಹಾಕಿದೆ.
ಅದರಲ್ಲಿ ಒಂದು, ದಾಳ ಮೇಜಿನಿಂದ ಜಾರಿ
ಹೀಟರಿನ ಅಡಿಯಲ್ಲಿ ಬಿದ್ದ ಇಪ್ಪತ್ತು.
ಅದು ಲೆಕ್ಕಕ್ಕಿಲ್ಲವೆಂದು ರೇಜಾನ್
ಮೊನ್ನೆ ಫೋನಿನಲ್ಲೂ ಜಗಳ ತೆಗೆದ.
ಕಿಟಕಿಯಾಚೆ ಗುಡ್ಡದ ಬರ್ಚ್ ಮರಗಳು
ಚಿಮಣಿಯ ಕಾಲು ಕಾಣದಂತೆ ನಿಂತಿದ್ದವು.
ಇದೆ, ಅಂದೆ. ಅದೂ ಲೆಕ್ಕಕ್ಕಿದೆ.